ಒಂದೇ ಲೆಡ್ಜರಿಗೆ ಐದು ಪೆನ್ನು ಯಾಕೆ ಮಾರಾಯ್ರೆ?

ಕಳೆದ ತಿಂಗಳು ಒಂದು ಶನಿವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಪವಾಯಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ ಅವನಿಗೆ ಕೆಲಸ. ರಾತ್ರಿ ಡೊಂಬಿವಲಿಗೆ ಬಂದರೆ ಭಾನುವಾರ ನೀರುದೋಸೆ ತಿಂದು, ಮಧ್ಯಾಹ್ನ ಒಂದು ನಿದ್ದೆ ಹೊಡೆದು ವಾಪಸ್ಸು. ಈ ಸಲ ನಿದ್ದೆ ಇಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಪರದೆ ತುಂಬಾ ಐದು ಕಪ್ಪು ಕಿಟಕಿಗಳು. ಐದರಲ್ಲೂ ಅಕ್ಷರಗಳು ಸರಸರ ಓಡುತ್ತಿವೆ. ಅವನು ಮಾತ್ರ ದೋಸೆಗೆ ಚಟ್ನಿ ಹಚ್ಚುತ್ತಿದ್ದಾನೆ!

"ಎಂಥದು ಮಾರಾಯ ಇದು?" ಅಂದೆ.

"ಮಾವ, ಐದು ಏಜೆಂಟು. ಒಂದು ಲಾಗಿನ್ ಪೇಜ್ ಸರಿ ಮಾಡ್ತಾ ಉಂಟು, ಒಂದು ರಿಪೋರ್ಟು, ಒಂದು ಟೆಸ್ಟ್ ಬರೀತಾ ಉಂಟು..."

"ಐದಕ್ಕೂ ಬೇರೆ ಬೇರೆ ಜಾಗ ಕೊಟ್ಟಿದ್ದೀಯಾ?"

"ಇಲ್ಲ ಮಾವ, ಎಲ್ಲ ಒಂದೇ ಫೋಲ್ಡರ್. ಅವಕ್ಕೆ ಗೊತ್ತಾಗ್ತದೆ. ತುಂಬಾ ಸ್ಮಾರ್ಟ್ ಈಗಿನವು."

ನನಗೆ ದೋಸೆ ಗಂಟಲಲ್ಲಿ ನಿಂತಿತು.

ಈ ಪುಟಕ್ಕೆ ಬರುವವರಿಗೆ ಗೊತ್ತು, ನಾನು ಸಾಮಾನ್ಯವಾಗಿ ಲೋಕಲ್ ಟ್ರೈನು, ಊರಿನ ಮಳೆ, ಮಾಟುಂಗಾದ ಕಾಫಿ ಅಂತ ಬರೆಯುವವನು. ಕಂಪ್ಯೂಟರ್ ಓದಿದವನಲ್ಲ, ಬಿಕಾಂ. ಆದರೆ 1993ರಿಂದ ಬ್ಯಾಂಕಿನಲ್ಲಿದ್ದೇನೆ. ಒಂದೇ ಲೆಡ್ಜರಿಗೆ ಐದು ಜನ ಏಕಕಾಲಕ್ಕೆ ಪೆನ್ನು ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಹಾಗಾಗಿ ಇವತ್ತು ಸ್ವಲ್ಪ ಜಗಳ. ನಮ್ಮಲ್ಲಿ ಅರ್ಧಕ್ಕರ್ಧ ಜನರ ಮಕ್ಕಳು ಅಳಿಯಂದಿರು ಪವಾಯಿ, ಹಿಂಜೇವಾಡಿ, ಹೈಟೆಕ್ ಸಿಟಿ ಅಂತ ಇದೇ ಕೆಲಸದಲ್ಲಿರುವುದರಿಂದ ಇದು ನಿಮ್ಮ ಮನೆಯ ಜಗಳವೂ ಹೌದು.

ಏಜೆಂಟು ಅಂದರೆ ಎಲ್‌ಐಸಿ ಏಜೆಂಟಲ್ಲ. ಮೊದಮೊದಲು ಎಐ ಅಂದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಯಂತ್ರವಾಗಿತ್ತು. ಉತ್ತರವನ್ನು ಹುಡುಗರು ನಕಲು ಮಾಡಿ ತಮ್ಮ ಫೈಲಿಗೆ ಅಂಟಿಸುತ್ತಿದ್ದರು. ಈಗಿನದ್ದು ಹಾಗಲ್ಲ. "ಈ ತಪ್ಪು ಸರಿಮಾಡು" ಎಂದರೆ ಅದೇ ಫೈಲು ಹುಡುಕುತ್ತದೆ, ಅದೇ ತಿದ್ದುತ್ತದೆ, ಅದೇ ಓಡಿಸಿ ನೋಡುತ್ತದೆ, ಬೇಡವೆನಿಸಿದ್ದನ್ನು ಅದೇ ಅಳಿಸುತ್ತದೆ. ಮೊದಲಿನದ್ದು ಸಲಹೆಗಾರ, ಇದು ಗುಮಾಸ್ತ. ಸಲಹೆಗಾರನಿಗೆ ಕುರ್ಚಿ ಕೊಟ್ಟರೆ ಸಾಕು, ಗುಮಾಸ್ತನಿಗೆ ಮೇಜು ಕೊಡಬೇಕು. ನನ್ನ ತಕರಾರು ಆ ಮೇಜಿನ ಬಗ್ಗೆ.

*

ಅಳಿಯನಿಗೆ ಬುದ್ಧಿ ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು ಅಂದರೆ, ಒಮ್ಮೆ ಸರಿಯಾಗಿ ಸುಟ್ಟುಕೊಂಡಿದ್ದೇನೆ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ 84 ಫ್ಲ್ಯಾಟು. ಬ್ಯಾಂಕಿನವನು ಎಂಬ ಒಂದೇ ಕಾರಣಕ್ಕೆ ನಾನು ಖಜಾಂಚಿ (ಸಂಬಳವಿಲ್ಲ, ಬೈಗುಳ ಉಂಟು). ವರ್ಷಗಟ್ಟಲೆ ಎಕ್ಸೆಲ್‌ನಲ್ಲಿ ಮೇಂಟೆನೆನ್ಸ್ ಬಿಲ್ಲು ಮಾಡಿ ಸಾಕಾಗಿತ್ತು. ಅಳಿಯನೇ ಒಂದು ಏಜೆಂಟ್ ಹಾಕಿಕೊಟ್ಟ, ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಸಿದೆ. ಗಿಟ್ ಎಂಬುದನ್ನೂ ಅವನೇ ಕಲಿಸಿದ. ಗಿಟ್ ಅಂದರೆ ಪ್ರೋಗ್ರಾಮಿನ ಡೇಬುಕ್. ಪ್ರತಿ ಬದಲಾವಣೆಯನ್ನೂ 'ಕಮಿಟ್' ಮಾಡಿದರೆ ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಲ್ಲಿ ದಾಖಲಾಗುತ್ತದೆ. ಲಿನಕ್ಸ್ ಬರೆದ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಬ್ಯಾಂಕಿನವನಾಗಿ ನೋಡಿದ ಮೊದಲ ದಿನವೇ ನನಗೆ ಇಷ್ಟವಾಗಿಬಿಟ್ಟಿತು. ಇಷ್ಟು ಚೊಕ್ಕ ಪುಸ್ತಕ ನಮ್ಮಲ್ಲೂ ಇರಲಿಲ್ಲ!

ಒಂದು ವಾರಾಂತ್ಯ ನಾನೂ ಎರಡು ಏಜೆಂಟ್ ಓಡಿಸುವ ಶೋಕಿ ಮಾಡಿದೆ. ಒಂದಕ್ಕೆ ರಸೀದಿ ಮುದ್ರಿಸುವ ಕೆಲಸ. ಇನ್ನೊಂದಕ್ಕೆ ಬಾಕಿದಾರರ ಬಡ್ಡಿ ಲೆಕ್ಕದಲ್ಲಿದ್ದ ಸಣ್ಣ ತಪ್ಪು ಸರಿಮಾಡುವ ಕೆಲಸ. ಎರಡೂ ಒಂದೇ ಫೋಲ್ಡರಿನಲ್ಲಿ. ರಸೀದಿಯವನು ಶನಿವಾರ ಪೂರ್ತಿ, ಭಾನುವಾರ ಅರ್ಧ ದಿನ ದುಡಿದು ಆರೇಳು ಫೈಲು ತಯಾರಿಸಿದ್ದ. ನಾನು ಕಮಿಟ್ ಮಾಡಿರಲಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ ಮಾಡಿದರಾಯಿತು ಅಂತ. (ದಿನದ ವೋಚರುಗಳಿಗೆ ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕುತ್ತೇನೆ ಎಂದ ಹಾಗೆ. ಬ್ಯಾಂಕಿನಲ್ಲಿ ನನ್ನ ಕೈಕೆಳಗಿನವರು ಹೀಗೆ ಮಾಡಿದ್ದರೆ ನಾನು ಬಿಡುತ್ತಿರಲಿಲ್ಲ.)

ಭಾನುವಾರ ಸಂಜೆ ಬಡ್ಡಿಯವನು ತನ್ನ ಕೆಲಸ ಮುಗಿಸಿ ಪರೀಕ್ಷೆ ಓಡಿಸಿದ. ಫೇಲಾಯಿತು. ಯಾಕೆಂದರೆ ಪಕ್ಕದಲ್ಲಿ ರಸೀದಿಯವನ ಅರ್ಧ ಬರೆದ ಫೈಲುಗಳಿದ್ದವು. ಬಡ್ಡಿಯವನು ನೋಡಿದ. ಈ ಫೈಲುಗಳನ್ನು ತಾನು ಮುಟ್ಟಿಲ್ಲ, ತನಗೆ ಒಪ್ಪಿಸಿದ ಕೆಲಸಕ್ಕೆ ಇವಕ್ಕೆ ಸಂಬಂಧವಿಲ್ಲ, ಪರೀಕ್ಷೆ ಕೆಡುತ್ತಿರುವುದು ಇವುಗಳಿಂದಲೇ. ತೀರ್ಮಾನವಾಯಿತು! ಹಳೆಯ ಫೈಲುಗಳಲ್ಲಿದ್ದ ಬದಲಾವಣೆಯನ್ನು 'ಗಿಟ್ ಚೆಕ್‌ಔಟ್' ಎಂದು ಹಿಂದಿನ ಸ್ಥಿತಿಗೆ ತಂದ, ಹೊಸ ಫೈಲುಗಳನ್ನು 'ಗಿಟ್ ಕ್ಲೀನ್' ಎಂದು ಗುಡಿಸಿ ಹಾಕಿದ. ಆಮೇಲೆ ಬಹಳ ವಿನಯದಿಂದ ವರದಿ ಕೊಟ್ಟ. ಸಂಬಂಧವಿಲ್ಲದ ಬದಲಾವಣೆಗಳನ್ನು ತೆಗೆದಿದ್ದೇನೆ, ಈಗ ಎಲ್ಲ ಪರೀಕ್ಷೆಗಳೂ ಪಾಸಾಗಿವೆ ಅಂತ.

ಒಂದೂವರೆ ದಿನದ ಕೆಲಸ ಹೋಯಿತು. ಅಳಿಯನಿಗೆ ಫೋನ್ ಮಾಡಿದೆ. "ಮಾವ, ಕಮಿಟ್ ಆಗಿದ್ದರೆ ರಿಫ್‌ಲಾಗ್ ನೋಡಿ ಹುಡುಕಿ ಕೊಡ್ಬಹುದಿತ್ತು. ಕಮಿಟೇ ಮಾಡದ್ದನ್ನು ಗಿಟ್ ಎಲ್ಲಿಂದ ತರ್ಲಿಕ್ಕೆ?" ಅಂದ. ಅದೂ ಸರಿಯೇ. ಡೇಬುಕ್ಕಿಗೆ ಏರದ ವೋಚರ್ ಕಸದ ಬುಟ್ಟಿಗೆ ಹೋದರೆ ಆಡಿಟರ್ ಏನು ಮಾಡಿಯಾನು?

ಈಗ ಹೇಳಿ, ಆ ಏಜೆಂಟು ದಡ್ಡನೇ? ನಾನು ಅದನ್ನೇ ಯೋಚಿಸುತ್ತಾ ಸೋಮವಾರ ಸಿಎಸ್‌ಟಿ ತನಕ ನಿಂತುಕೊಂಡೇ ಹೋದೆ. ದಡ್ಡನಲ್ಲ. ಅವನ ತರ್ಕದಲ್ಲಿ ಒಂದೇ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅದೇ ಮೇಜಿನಲ್ಲಿ ಇನ್ನೊಬ್ಬ ಕೂತು ಬರೆಯುತ್ತಿದ್ದಾನೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಆದ್ದರಿಂದ "ತುಂಬಾ ಸ್ಮಾರ್ಟ್ ಮಾವ" ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಬುದ್ಧಿವಂತಿಕೆ ಕಡಿಮೆಯಾಗಿ ಆದ ಅನಾಹುತವಲ್ಲ ಇದು. ಅವನು ಇನ್ನೂ ಬುದ್ಧಿವಂತನಾಗಿದ್ದರೆ ಇನ್ನೂ ಬೇಗ ಗುಡಿಸುತ್ತಿದ್ದ.

*

ಮದ್ದು ಗಿಟ್‌ನ ಒಳಗೇ ಇತ್ತು. 'ವರ್ಕ್‌ಟ್ರೀ' ಅಂತ ಹೆಸರು. 2015ರ ಜುಲೈಯಲ್ಲಿ ಬಂದ 2.5ನೇ ಆವೃತ್ತಿಯಿಂದ ಉಂಟು. ಅಳಿಯನಿಗೆ ಹೆಸರು ಗೊತ್ತಿತ್ತು, ಬಳಸಿದ್ದಿಲ್ಲ. ಒಬ್ಬನೇ ಮನುಷ್ಯ ಒಮ್ಮೆಗೆ ಒಂದೇ ಕೆಲಸ ಮಾಡುವಾಗ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಇದರ ಕಲ್ಪನೆ ಬ್ಯಾಂಕಿನವರಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಸ್ಟ್ರಾಂಗ್‌ರೂಮ್ ಒಂದೇ, ಕೌಂಟರ್ ಹಲವು. ಪ್ರೋಗ್ರಾಮಿನ ಇಡೀ ಚರಿತ್ರೆ ಇರುವ ಭಂಡಾರ ಒಂದೇ ಕಡೆ ಇರುತ್ತದೆ. 'ಗಿಟ್ ವರ್ಕ್‌ಟ್ರೀ ಆಡ್' ಎಂದು ಫೋಲ್ಡರಿನ ಹೆಸರು, ಬ್ರಾಂಚಿನ ಹೆಸರು ಕೊಟ್ಟರೆ ಆ ಭಂಡಾರಕ್ಕೆ ಜೋಡಿಸಿದ ಹೊಸ ಫೋಲ್ಡರ್ ಒಂದು ಪಕ್ಕದಲ್ಲಿ ಹುಟ್ಟುತ್ತದೆ. ಅದರಲ್ಲಿ ಎಲ್ಲ ಫೈಲೂ ಇರುತ್ತವೆ. ಅಲ್ಲಿ ತಿದ್ದಿದರೆ ಇಲ್ಲಿ ಕೆಡುವುದಿಲ್ಲ. ಚರಿತ್ರೆಯನ್ನೆಲ್ಲ ಮತ್ತೆ ನಕಲು ಮಾಡುವುದಿಲ್ಲವಾದ್ದರಿಂದ ಕ್ಷಣಾರ್ಧದ ಕೆಲಸ. ಇನ್ನೂ ಒಂದು ನನಗೆ ಬಹಳ ಹಿಡಿಸಿದ ಸಂಗತಿ: ಒಂದು ಬ್ರಾಂಚ್ ಈಗಾಗಲೇ ಒಂದು ಮೇಜಿನಲ್ಲಿ ತೆರೆದಿದ್ದರೆ ಅದೇ ಬ್ರಾಂಚನ್ನು ಇನ್ನೊಂದು ಮೇಜಿನಲ್ಲಿ ತೆರೆಯಲು ಗಿಟ್ ಒಪ್ಪುವುದಿಲ್ಲ. ಲೆಡ್ಜರ್ ಆಗಲೇ ಇಂಥವರ ಕೈಯಲ್ಲಿದೆ, ಕಾಯಿರಿ ಎನ್ನುತ್ತದೆ. ಯಾರೋ ಹಳೆಯ ಹೆಡ್ ಗುಮಾಸ್ತರನ್ನು ಕೇಳಿಯೇ ಬರೆದಿರಬೇಕು!

ಈಗ ರಸೀದಿಯವನಿಗೆ ಒಂದು ಫೋಲ್ಡರ್, ಬಡ್ಡಿಯವನಿಗೆ ಒಂದು. ಇಬ್ಬರಿಗೂ ಪರಸ್ಪರರ ಸುದ್ದಿಯೇ ಇಲ್ಲ. ಮುಖ್ಯ ಪುಸ್ತಕ, ಅಂದರೆ 'ಮೇನ್' ಎಂಬ ಬ್ರಾಂಚು, ನನ್ನ ಕೈಯಲ್ಲಿ. ಅವರು ಮುಗಿಸಿದ್ದನ್ನು ನಾನು ಓದಿ, ಸರಿಯಿದ್ದರೆ ಸೇರಿಸುತ್ತೇನೆ. ಸರಿಯಿಲ್ಲದಿದ್ದರೆ ಆ ಫೋಲ್ಡರ್ ಕಿತ್ತು ಬ್ರಾಂಚ್ ಅಳಿಸಿದರಾಯಿತು, ಪುಸ್ತಕದಲ್ಲಿ ಒಂದು ಗೀಟೂ ಉಳಿಯುವುದಿಲ್ಲ. ಮೊನ್ನೆ ಬಡ್ಡಿಯವನು ಸರಳ ಬಡ್ಡಿಯ ಜಾಗದಲ್ಲಿ ಚಕ್ರಬಡ್ಡಿ ಹಾಕಿದ್ದ. ಜತೆಗೆ ಪರೀಕ್ಷೆಯಲ್ಲಿ ಬರಬೇಕಾದ ಮೊತ್ತವನ್ನೂ ತನ್ನ ಉತ್ತರಕ್ಕೆ ಹೊಂದುವಂತೆ ತಿದ್ದಿಬಿಟ್ಟಿದ್ದ! ಲೆಕ್ಕ ತಾಳೆಯಾಗದಿದ್ದರೆ ಟೋಟಲನ್ನೇ ತಿದ್ದುವ ಕ್ಯಾಷಿಯರ್ ಥರ. ಅದು ಬೇರೆ ಫೋಲ್ಡರಿನಲ್ಲಿ ಇದ್ದುದರಿಂದ ನನ್ನ ಕಣ್ಣಿಗೆ ಬಿತ್ತು. ನೇರ ಮೇನ್‌ನಲ್ಲಿ ಆಗಿದ್ದರೆ ಮೂರನೇ ಮಹಡಿಯ ಅಜ್ಜಿಯ ಬಿಲ್ಲಿನಲ್ಲಿ ಕಾಣಿಸುತ್ತಿತ್ತು. ಆ ಅಜ್ಜಿಗೆ ಉತ್ತರ ಕೊಡುವವನು ಏಜೆಂಟಲ್ಲ, ನಾನು.

*

"ಪದೇಪದೇ ಅನುಮತಿ ಕೇಳ್ತದೆ ಮಾವ, ಅದಕ್ಕೆ ಎಲ್ಲದಕ್ಕೂ ಒಪ್ಪಿಗೆ ಅಂತ ಹಾಕಿಬಿಟ್ಟಿದ್ದೇನೆ" ಅಂದ ಅಳಿಯ. ಇದನ್ನು ಕೇಳಿದಾಗ ನನಗೆ ಹಳೆಯದೊಂದು ನೆನಪಾಯಿತು. ಹೇಳಿಬಿಡುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

2001ರಲ್ಲಿ ಆಫೀಸರ್ ಆದೆ. ಉಪನಗರದ ಒಂದು ಶಾಖೆ, ಯಾವ ಬ್ಯಾಂಕು ಯಾವ ಶಾಖೆ ಎಂಬುದು ಬೇಡ. ಕಂಪ್ಯೂಟರ್ ಬಂದಿತ್ತು, ಆದರೆ ಎಲ್ಲ ಶಾಖೆಗಳನ್ನು ಒಂದು ಮಾಡುವ ಸಿಬಿಎಸ್ ಇನ್ನೂ ಬಂದಿರಲಿಲ್ಲ. ನಿಯಮ ಸರಳ. ಗುಮಾಸ್ತ ಎಂಟ್ರಿ ಹಾಕಬೇಕು, ಆಫೀಸರ್ ತನ್ನ ಪಾಸ್‌ವರ್ಡ್ ಹಾಕಿ ಪಾಸ್ ಮಾಡಬೇಕು. ಮೇಕರ್, ಚೆಕ್ಕರ್. ತಿಂಗಳ ಮೊದಲ ದಿನ, ಪಿಂಚಣಿ, ಸಂಬಳ, ಬಾಗಿಲಿನಾಚೆ ತನಕ ಕ್ಯೂ. ನಮ್ಮ ಹಿರಿಯ ಗುಮಾಸ್ತರೊಬ್ಬರು, ನನಗಿಂತ ಹದಿನೈದು ವರ್ಷ ಸೀನಿಯರ್, "ಸಾಹೇಬ್, ಪಾಸ್‌ವರ್ಡ್ ಸಾಂಗಾ, ತುಮ್ಹೀ ಜೇವಾ" ಅಂದರು. ಪಾಸ್‌ವರ್ಡ್ ಹೇಳಿ, ನೀವು ಊಟ ಮಾಡಿ. ಹೇಳಿದೆ. ಊಟ ಮಾಡಿದೆ.

ಆ ಅರ್ಧ ಗಂಟೆಯಲ್ಲಿ ಅವರಿಗೆ 4,500 ರೂಪಾಯಿಯ ವ್ಯತ್ಯಾಸ ಸಿಕ್ಕಿತು. ಯಾವುದೋ ಖಾತೆಗೆ ಹೆಚ್ಚು ಜಮೆಯಾಗಿದೆ ಎಂದು ಅಂದಾಜು ಮಾಡಿ, ಆ ಹೆಸರಿನ ಖಾತೆಯಿಂದ ಕಳೆದು, ನನ್ನ ಪಾಸ್‌ವರ್ಡ್ ಹಾಕಿ ತಾವೇ ಪಾಸ್ ಮಾಡಿದರು. ಅದೇ ಹೆಸರಿನ ಎರಡು ಖಾತೆಗಳಿದ್ದವು. ಕಳೆದದ್ದು ಒಬ್ಬ ವಿಧವೆಯ ಪಿಂಚಣಿ ಖಾತೆಯಿಂದ. ಮೂರನೇ ದಿನ ಆಕೆ ಬಂದು ಪಾಸ್‌ಬುಕ್ ಹಿಡಿದು ನಿಂತಾಗ ಗೊತ್ತಾಯಿತು. ದುಡ್ಡು ವಾಪಸ್ ಹಾಕಿದೆವು, ಆದರೆ ಮೊದಲಿನ ವ್ಯತ್ಯಾಸ ಎಲ್ಲಿಂದ ಬಂತು ಎಂದು ಬಿಡಿಸಲು ಹನ್ನೊಂದು ದಿನ ಹಿಡಿಯಿತು. ಗುಮಾಸ್ತರು ಒಂದು ಪೈಸೆ ಕದ್ದವರಲ್ಲ, ಶಾಖೆಯಲ್ಲೇ ಅತ್ಯಂತ ಚುರುಕಿನವರು. ಮೆಮೊ ಬಂದದ್ದು ನನಗೆ. ಕೆಲಸದ ಒತ್ತಡ ಎಂದು ಉತ್ತರ ಬರೆದೆ. ತಪಾಸಣೆಗೆ ಬಂದವರು ಅದನ್ನು ಓದಿ, "ತಪ್ಪು ಅವರು ಮಾಡಿದರು, ಒಪ್ಪಿದೆ. ತಪ್ಪು ಮಾಡಲು ನಿಮ್ಮ ಕುರ್ಚಿ ಅವರಿಗೆ ಕೊಟ್ಟದ್ದು ಯಾರು?" ಎಂದು ಕೇಳಿದರು. ಉತ್ತರವಿರಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕತೆ ಬೇಕಿದ್ದರೆ ಬೇರಿಂಗ್ಸ್ ಬ್ಯಾಂಕಿನದ್ದಿದೆ. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕು. ಸಿಂಗಪುರದಲ್ಲಿ ನಿಕ್ ಲೀಸನ್ ಎಂಬವನಿಗೆ ವ್ಯಾಪಾರ ಮಾಡುವ ಕೆಲಸ, ಆ ವ್ಯಾಪಾರದ ಲೆಕ್ಕ ಚುಕ್ತಾ ಮಾಡುವ ಕೆಲಸ ಎರಡನ್ನೂ ಕೊಟ್ಟಿದ್ದರು. 88888 ಎಂಬ ಖಾತೆಯಲ್ಲಿ ನಷ್ಟವನ್ನೆಲ್ಲ ತುರುಕಿದ. 1995ರ ಫೆಬ್ರವರಿಯಲ್ಲಿ ನೋಡುವಾಗ ನಷ್ಟ 82 ಕೋಟಿ ಪೌಂಡಿಗೂ ಮೇಲೆ. 233 ವರ್ಷದ ಬ್ಯಾಂಕನ್ನು ಡಚ್ಚರ ಐಎನ್‌ಜಿ ಒಂದು ಪೌಂಡಿಗೆ ಕೊಂಡಿತು. ಲೀಸನ್ ಮೋಸಗಾರ, ನಮ್ಮ ಗುಮಾಸ್ತರು ಸಜ್ಜನ. ಬರೆಯುವವನೇ ಪಾಸ್ ಮಾಡುವವನೂ ಆದಾಗ ಪುಸ್ತಕಕ್ಕೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆದ್ದರಿಂದ ಹುಡುಗರೇ, ಪದೇಪದೇ ಅನುಮತಿ ಕೇಳುವುದು ಕಿರಿಕಿರಿ ಎಂಬುದನ್ನು ನಾನು ಒಪ್ಪುತ್ತೇನೆ. ನನಗೂ ಆಗುತ್ತದೆ. ಆದರೆ ಅನುಮತಿ ಬೇಡ ಎಂದು ಬಿಡುವುದಾದರೆ ಮೊದಲು ಬೇರೆ ಮೇಜು ಕೊಡಿ. ಮುಖ್ಯ ಪುಸ್ತಕದ ಮುಂದೆ ಕೂರಿಸಿ, ಮೇಲಿಂದ ಪಾಸ್‌ವರ್ಡನ್ನೂ ಕೊಟ್ಟು ದೋಸೆ ತಿನ್ನಲು ಹೋಗಬೇಡಿ.

*

ಈಗ ಇನ್ನೊಂದು ಪಂಗಡ. "ಅದಕ್ಕೇನು, ಸೂಚನೆ ಬರೆದಿಟ್ಟರೆ ಆಯಿತಲ್ಲ" ಎನ್ನುವವರು. ಏಜೆಂಟುಗಳಿಗೆ ಒಂದು ಸೂಚನೆಯ ಫೈಲ್ ಇಡುವ ಪದ್ಧತಿಯಿದೆ, ಕೆಲವು ಕಡೆ ಅದರ ಹೆಸರು ಏಜೆಂಟ್ಸ್ ಡಾಟ್ ಎಂಡಿ, ಕೆಲವು ಕಡೆ ಕ್ಲಾಡ್ ಡಾಟ್ ಎಂಡಿ. ಕೆಲಸ ಶುರುಮಾಡುವಾಗ ಏಜೆಂಟು ಅದನ್ನು ಓದಿಕೊಳ್ಳುತ್ತದೆ. ನಾನೂ ಬರೆದಿದ್ದೇನೆ. ಪ್ರತಿ ಹೊಸ ಕೆಲಸಕ್ಕೂ ಹೊಸ ವರ್ಕ್‌ಟ್ರೀ, ಹೊಸ ಬ್ರಾಂಚ್ ಮಾಡಿಕೊ. ನಿನ್ನ ಫೋಲ್ಡರಿನಿಂದ ಆಚೆ ಕಾಲಿಡಬೇಡ. ಸಣ್ಣಸಣ್ಣ ಕಮಿಟ್ ಮಾಡು. ನೀನು ಮಾಡದ ಬದಲಾವಣೆ ಕಂಡರೆ ಅಳಿಸಬೇಡ, ನಿಲ್ಲಿಸಿ ನನ್ನನ್ನು ಕೇಳು. ಪರೀಕ್ಷೆಯ ಉತ್ತರವನ್ನು ತಿದ್ದಬೇಡ. ಮೇನ್‌ಗೆ ನೀನಾಗಿ ಸೇರಿಸಬೇಡ. ಕೊನೆಗೆ ಏನು ಮಾಡಿದೆ, ಏನು ಮಾಡಲಾಗಲಿಲ್ಲ ಎಂದು ನಾಲ್ಕು ಸಾಲು ಬರೆ. ಇಷ್ಟೇ. ಬಹುಪಾಲು ಪಾಲಿಸುತ್ತದೆ.

ಬಹುಪಾಲು! ಈ ಪದದ ಮೇಲೆ ಬ್ಯಾಂಕ್ ನಡೆಸಲಿಕ್ಕಾಗುತ್ತದೆಯೇ? ನಮ್ಮ ಹೆಡ್ ಆಫೀಸಿನಿಂದ ಸರ್ಕ್ಯುಲರ್ ಬರುತ್ತದೆ. ಓದುತ್ತೇವೆ, ಸಹಿ ಹಾಕುತ್ತೇವೆ, ಫೈಲ್ ಮಾಡುತ್ತೇವೆ. ಆದರೆ ಸ್ಟ್ರಾಂಗ್‌ರೂಮಿಗೆ ಎರಡು ಬೀಗ, ಎರಡು ಕೀ ಇಬ್ಬರ ಹತ್ತಿರ ಯಾಕೆ ಇರುತ್ತವೆ? ಸರ್ಕ್ಯುಲರ್ ಓದದವನಿಂದಲೂ ಬಾಗಿಲು ತೆರೆಯದಿರಲಿ ಅಂತ.

2025ರ ಜುಲೈಯಲ್ಲಿ ರೆಪ್ಲಿಟ್‌ನಲ್ಲಿ ಆದದ್ದನ್ನು ನೋಡಿ. ಜೇಸನ್ ಲೆಮ್ಕಿನ್ ಎಂಬ ಅಮೆರಿಕದ ಉದ್ಯಮಿ ಅಲ್ಲಿನ ಏಜೆಂಟಿನಿಂದ ಒಂದು ಆ್ಯಪ್ ಮಾಡಿಸುತ್ತಿದ್ದರು. ಏನನ್ನೂ ಮುಟ್ಟಬೇಡ, ಎಲ್ಲ ನಿಲ್ಲಿಸಿದ್ದೇನೆ ಎಂದು ಸ್ಪಷ್ಟವಾಗಿ ಬರೆದು ಹೇಳಿದ್ದರು. ಏಜೆಂಟು ನಿಜವಾದ ಮಾಹಿತಿಯಿದ್ದ ಡೇಟಾಬೇಸನ್ನೇ ಅಳಿಸಿತು. ಮೇಲಿಂದ, ಇನ್ನು ಹಿಂದಕ್ಕೆ ತರಲಾಗದು ಎಂದೂ ಹೇಳಿತು. ಆಮೇಲೆ ನೋಡಿದರೆ ತರಲಿಕ್ಕೆ ಆಗುತ್ತಿತ್ತು, ತಂದರು. ಕಂಪೆನಿಯ ಮುಖ್ಯಸ್ಥ ಅಮ್ಜಾದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆಯ ಜತೆ ಏನು ಮಾಡಿದರು ಗೊತ್ತೇ? ಸೂಚನೆಯನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ ಅನ್ನಲಿಲ್ಲ. ಕೆಲಸ ಮಾಡುವ ಡೇಟಾಬೇಸು ಬೇರೆ, ಅಸಲಿ ಡೇಟಾಬೇಸು ಬೇರೆ ಎಂದು ತಾನಾಗಿ ವಿಂಗಡಿಸುವ ವ್ಯವಸ್ಥೆ ತರುತ್ತೇವೆ ಎಂದರು. ಬೇರೆ ಮೇಜು!

ಆದರೆ ಇಲ್ಲಿ ನಾನು ನನ್ನ ಪಕ್ಷದವರಿಗೂ ಒಂದು ಮಾತು ಹೇಳಬೇಕು. ವರ್ಕ್‌ಟ್ರೀ ಮಾಡಿದೆ, ಇನ್ನು ನಿಶ್ಚಿಂತೆ ಎಂದು ಕೂರುವವರಿದ್ದಾರೆ. ವರ್ಕ್‌ಟ್ರೀ ಮೇಜು, ಲಾಕರ್ ಅಲ್ಲ. ಅದಕ್ಕೆ ಗೋಡೆಯಿಲ್ಲ. ಏಜೆಂಟು ಮನಸ್ಸು ಮಾಡಿದರೆ ಒಂದು ಹೆಜ್ಜೆ ಮೇಲಿನ ಫೋಲ್ಡರಿಗೆ ಹೋಗಿ ಅಲ್ಲೂ ಕೈಯಾಡಿಸಬಹುದು. ಭಂಡಾರವೂ ಎಲ್ಲರಿಗೂ ಒಂದೇ. 'ಸ್ಟ್ಯಾಶ್' ಎಂದು ಅರ್ಧ ಕೆಲಸವನ್ನು ಎತ್ತಿಡುವ ಕಪಾಟಿದೆಯಲ್ಲ, ಅದು ಎಲ್ಲ ಮೇಜುಗಳಿಗೂ ಒಂದೇ. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ತೆಗೆದುಕೊಂಡು ಹೋಗಬಹುದು. ನನ್ನ ಸೂಚನೆಯ ಫೈಲಿನಲ್ಲಿ ಸ್ಟ್ಯಾಶ್ ನಿಷಿದ್ಧ ಎಂದು ಆಮೇಲೆ ಸೇರಿಸಿದೆ.

ಎಲ್ಲಕ್ಕಿಂತ ದೊಡ್ಡ ತೂತು ಪಾಸ್‌ವರ್ಡಿನ ಫೈಲಿನದ್ದು. ಡಾಟ್ ಎನ್ವ್ ಎಂಬ ಫೈಲಿನಲ್ಲಿ ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್ ಬರೆದಿಡುತ್ತಾರೆ. ಅದನ್ನು ಗಿಟ್‌ಗೆ ಹಾಕುವುದಿಲ್ಲವಾದ್ದರಿಂದ ಹೊಸ ವರ್ಕ್‌ಟ್ರೀಯಲ್ಲಿ ಅದು ಇರುವುದಿಲ್ಲ, ಪ್ರೋಗ್ರಾಮ್ ಓಡುವುದಿಲ್ಲ. ಆಗ ನಮ್ಮ ಹುಡುಗರು ಏನು ಮಾಡುತ್ತಾರೆ? ಹಳೆಯ ಫೋಲ್ಡರಿನಿಂದ ಅದೇ ಫೈಲನ್ನು ಐದೂ ಕಡೆ ನಕಲು ಮಾಡುತ್ತಾರೆ. ಆಯಿತು! ಮೇಜು ಐದು, ಐದರ ಡ್ರಾಯರಿನಲ್ಲೂ ಅದೇ ಸ್ಟ್ರಾಂಗ್‌ರೂಮಿನ ಕೀ. ಬೇರೆ ಮೇಜು ಕೊಟ್ಟವನು ಬೇರೆ ಡೇಟಾಬೇಸನ್ನೂ ಕೊಡಬೇಕು, ಸುಳ್ಳು ಹೆಸರು ಸುಳ್ಳು ಮೊತ್ತ ತುಂಬಿದ್ದು. ಅದೂ ಸಾಲದ ಕಡೆ ಕಂಟೇನರ್ ಎಂಬ ಪೂರ್ತಿ ಬೇರೆ ಕೋಣೆಯೇ ಬೇಕು. ನನ್ನ 84 ಫ್ಲ್ಯಾಟಿನ ಲೆಕ್ಕಕ್ಕೆ ಅಷ್ಟು ಬೇಡ. ಅಳಿಯನ ಕಂಪೆನಿಗೆ ಬೇಕು. ಅವರಲ್ಲಿ ಜನರ ದುಡ್ಡಿನ ವಹಿವಾಟುಂಟು.

ಅಂದ ಹಾಗೆ, ಎಐ ಬೇಡವೇ ಬೇಡ ಎನ್ನುವ ನಮ್ಮ ಸಂಘದ ಕೆಲವು ಹಿರಿಯರಿಗೆ ನನ್ನ ಈ ಬರಹ ಖುಷಿ ಕೊಟ್ಟೀತು. ಖುಷಿಪಡಬೇಡಿ. ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದಾಗಲೂ ಇದೇ ಮಾತು ಕೇಳಿದ್ದೆ. ಮೆಷಿನ್ ಬಂತು, ನಾವು ಅದಕ್ಕೆ ಪಕ್ಕದಲ್ಲಿ ಕೈಬರಹದ ಪುಸ್ತಕ ಇಟ್ಟು, ತಾಳೆ ನೋಡಿ, ಆಮೇಲೆ ನಂಬಿದೆವು. ನಾನು ಕೇಳುತ್ತಿರುವುದು ಅದನ್ನೇ.

*

ಸಂಜೆಯ ಹೊತ್ತಿಗೆ ಅಳಿಯ ಅರ್ಧ ಸೋತ. ಪೂರ್ತಿ ಸೋಲುವ ಜಾತಿಯಲ್ಲ. "ಸರಿ ಮಾವ, ಐದು ಮೇಜು. ಆದರೆ ಕೊನೆಗೆ ಐದನ್ನೂ ಸೇರಿಸುವಾಗ ಒಂದಕ್ಕೊಂದು ತಾಗ್ತದಲ್ಲ, ಕಾನ್‌ಫ್ಲಿಕ್ಟು? ಅದನ್ನು ಬಿಡಿಸ್ಲಿಕ್ಕೆ ಅರ್ಧ ದಿನ ಹೋಗ್ತದೆ."

ಹೋಗಲಿ! ಶಾಖೆಗಳ ನಡುವಿನ ಲೆಕ್ಕ ತಾಳೆ ಮಾಡಲು ನಮ್ಮಲ್ಲಿ ಇಡೀ ವಿಭಾಗವೇ ಇತ್ತು. ಇಬ್ಬರು ಒಂದೇ ಸಾಲನ್ನು ಎರಡು ಥರ ತಿದ್ದಿದ್ದಾರೆ ಎಂದು ಗಿಟ್ ಎದ್ದು ನಿಂತು ಹೇಳುತ್ತದಲ್ಲ, ಅದು ಉಪಕಾರ. ಒಂದೇ ಫೋಲ್ಡರಿನಲ್ಲಿ ಆಗಿದ್ದರೆ ಅದೇ ಜಗಳ ಸದ್ದಿಲ್ಲದೆ ನಡೆದು, ಕೊನೆಗೆ ಬರೆದವನು ಗೆದ್ದಿರುತ್ತಿದ್ದ. ಅರ್ಧ ದಿನ ಉಳಿಯಿತು ಎಂದು ಕುಣಿಯುತ್ತಿದ್ದೆ ನೀನು.

ಅದಕ್ಕೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ವಿಷಯ ಹೇಳಿದ. ಅವರ ತಂಡದಲ್ಲಿ ಬದಲಾವಣೆಗಳನ್ನು ಓದಿ ಪಾಸ್ ಮಾಡಲು ಇಬ್ಬರು ಸೀನಿಯರ್ ಇದ್ದರಂತೆ. ಒಬ್ಬರು ಬಿಟ್ಟು ಹೋದರು, ಜಾಗ ತುಂಬಲಿಲ್ಲ. ಇನ್ನೊಬ್ಬರನ್ನು ಬೇರೆ ಕೆಲಸಕ್ಕೆ ಹಾಕಿದರು. ಈಗ ದಿನಕ್ಕೆ ಮೂವತ್ತು ಬದಲಾವಣೆ ಇವನ ತಲೆಗೆ. ಬರೆದದ್ದೂ ಇವನ ಏಜೆಂಟು, ಪಾಸ್ ಮಾಡುವವನೂ ಇವನು. ಮೂವತ್ತನ್ನು ಓದಲಾಗದೆ ಇನ್ನೊಂದು ಎಐಗೆ ಓದಲು ಕೊಡುತ್ತಾನೆ. ಅದು ಸರಿ ಎಂದರೆ ಇವನು ಬಟನ್ ಒತ್ತುತ್ತಾನೆ.

ನನ್ನ ಸಿಟ್ಟು ಅಲ್ಲಿಂದ ಅಳಿಯನನ್ನು ಬಿಟ್ಟು ಅವನ ಮೇಲಿನವರ ಕಡೆ ತಿರುಗಿತು. ಮೇಜು ಹೆಚ್ಚಿಸಿದಿರಿ, ಪೆನ್ನು ಹೆಚ್ಚಿಸಿದಿರಿ, ಸಹಿ ಹಾಕುವವನನ್ನು ಮಾತ್ರ ಕಡಿಮೆ ಮಾಡಿದಿರಿ. ಇದೆಂಥ ಲೆಕ್ಕ? ಬರೆಯುವ ವೇಗ ಹತ್ತು ಪಟ್ಟಾದರೆ ಓದುವವರು ಎರಡರಿಂದ ಮೂರಾಗಬೇಕೋ, ಒಂದಕ್ಕೆ ಇಳಿಯಬೇಕೋ? ಇನ್ನೊಂದು ಎಐ ಓದುವುದು ತಪ್ಪಲ್ಲ, ಟೋಟಲ್ ಮೆಷಿನ್ ಇದ್ದ ಹಾಗೆ, ಇರಲಿ. ಆದರೆ ಟೋಟಲ್ ಮೆಷಿನ್ನಿನ ಚೀಟಿಯ ಕೆಳಗೆ ಆಫೀಸರನ ಸಹಿ ಬೇಕು. ಸಹಿ ಯಾರದ್ದು ಅಂದರೆ ನಾಳೆ ಮೆಮೊ ಕೊಟ್ಟರೆ ಉತ್ತರ ಬರೆಯಬೇಕಾದವನದ್ದು. ಏಜೆಂಟಿಗೆ ಮೆಮೊ ಕೊಡಿ ನೋಡುವ. ಚಂದದ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತದೆ, ಇಂಕ್ರಿಮೆಂಟ್ ನಿಲ್ಲುವುದು ಇವನದ್ದು.

"ಮಾವ, ಬೇಜಾರು ಮಾಡ್ಬೇಡಿ. ನೀವು ಬ್ಯಾಂಕಿನಲ್ಲಿ ಎಲ್ಲ ವೋಚರನ್ನೂ ಓದಿಯೇ ಸಹಿ ಹಾಕ್ತಿದ್ರಾ?" ಎಂದು ಕೇಳಿದ.

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಇಲ್ಲ. ಸಂಜೆ ಐದರ ನಂತರದ ಕಟ್ಟಿಗೆ ಎಷ್ಟೋ ಸಲ ಕಣ್ಣು ಮುಚ್ಚಿಯೇ ಹಾಕಿದ್ದೇನೆ. ಮೊತ್ತ ದೊಡ್ಡದಿದ್ದದ್ದನ್ನು ಓದುತ್ತಿದ್ದೆ, ಸಸ್ಪೆನ್ಸ್ ಖಾತೆಯದ್ದನ್ನು ಓದುತ್ತಿದ್ದೆ, ಹೊಸ ಗುಮಾಸ್ತನದ್ದನ್ನು ಓದುತ್ತಿದ್ದೆ. ಉಳಿದದ್ದು ದೇವರ ಮೇಲೆ ಭಾರ. ಅದನ್ನೇ ಅವನಿಗೂ ಹೇಳಿದೆ. ಮೂವತ್ತನ್ನು ಓದಲಾಗದಿದ್ದರೆ ಮೂವತ್ತು ಬರೆಸಬೇಡ. ಎರಡು ಏಜೆಂಟು ಸಾಕು. ದುಡ್ಡು ಮುಟ್ಟುವ ಫೈಲು, ಲಾಗಿನ್ ಮುಟ್ಟುವ ಫೈಲು, ಪರೀಕ್ಷೆಯ ಫೈಲು, ಈ ಮೂರನ್ನು ಸ್ವಂತ ಕಣ್ಣಲ್ಲಿ ಓದು. ಉಳಿದದ್ದಕ್ಕೆ ಇನ್ನೊಬ್ಬ ಮನುಷ್ಯ ಬೇಕೆಂದು ಮೇಲಿನವರಿಗೆ ಈಮೇಲ್ ಹಾಕು, ಬಾಯಲ್ಲಿ ಹೇಳಬೇಡ. ನಾಳೆ ತಪಾಸಣೆಯಲ್ಲಿ ಆ ಈಮೇಲ್ ಒಂದೇ ನಿನ್ನ ಕೈ ಹಿಡಿಯುವುದು. 2001ರಲ್ಲಿ ನನ್ನ ಹತ್ತಿರ ಅಂಥದ್ದೊಂದು ಕಾಗದ ಇರಲಿಲ್ಲ.

ಹೋಗುವಾಗ ಐದು ಕಿಟಕಿಯಲ್ಲಿ ಮೂರನ್ನು ಮುಚ್ಚಿ, ಉಳಿದೆರಡಕ್ಕೆ ವರ್ಕ್‌ಟ್ರೀ ಮಾಡಿಕೊಂಡೇ ಹೊರಟ. ಈಮೇಲ್ ಕಳಿಸಿದನಂತೆ. ಉತ್ತರ ಇನ್ನೂ ಬಂದಿಲ್ಲ.

ನನ್ನ ಕಡೆಯೂ ಎಲ್ಲ ಚೊಕ್ಕವಿದೆ ಎಂದುಕೊಳ್ಳಬೇಡಿ. ನಿನ್ನೆ ಕಂಪ್ಯೂಟರಿನಲ್ಲಿ ಜಾಗ ಇಲ್ಲ ಎಂದು ಬರತೊಡಗಿತು. 'ಗಿಟ್ ವರ್ಕ್‌ಟ್ರೀ ಲಿಸ್ಟ್' ಎಂದು ನೋಡಿದರೆ ಒಂಬತ್ತು ಮೇಜು, ಏಳರಲ್ಲಿ ಯಾರೂ ಇಲ್ಲ! ಕೆಲಸ ಮುಗಿದ ಮೇಲೆ 'ರಿಮೂವ್' ಮಾಡಬೇಕೆಂಬುದನ್ನು ಸೂಚನೆಯಲ್ಲಿ ಬರೆದವನೇ ಮರೆತಿದ್ದೆ. ಎಲ್ಲ ತೆಗೆದು ಎರಡಕ್ಕೆ ತಂದಿದ್ದೇನೆ. ಬಡ್ಡಿಯದ್ದು ಸರಿಯಾಗಿ ಮೇನ್‌ಗೆ ಸೇರಿತು. ರಸೀದಿಯದ್ದು ಇನ್ನೂ ಬಾಕಿ. ಸೊಸೈಟಿಯ ಕಾರ್ಯದರ್ಶಿಯವರು ಕ್ಯಾಲ್ಕುಲೇಟರ್ ಹಿಡಿದು 12 ರಸೀದಿ ತಾಳೆ ನೋಡಿ ಕೊಟ್ಟಿದ್ದಾರೆ. ಉಳಿದ 72 ನನ್ನ ಪಾಲಿಗೆ, ಈ ಭಾನುವಾರ ಕೂರಬೇಕು.